ಓಡುವ ದೇಹವನ್ನು ಓದುವುದು

ನಮಸ್ಕಾರ. ಡಿಗ್ರಿಯಲ್ಲಿ ಕ್ರೀಡಾ ವಿಜ್ಞಾನ ಓದಬೇಕು ಅಂತಿರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ದಿನವಿಡೀ ಮೈದಾನದಲ್ಲಿ ಕಳೆಯುವ ಕೋರ್ಸ್ ಅಲ್ಲ. ಆಟ ಇಷ್ಟ ಇದ್ದರೆ ಒಳ್ಳೆಯದೇ. ಆದರೆ ಅದಕ್ಕಿಂತ ಜಾಸ್ತಿ ಬೇಕಾಗುವುದು, ಓಡುವಾಗ ಮೈಯೊಳಗೆ ಏನು ನಡೆಯುತ್ತದೆ ಅನ್ನುವ ಕುತೂಹಲ.

ಲ್ಯಾಬಿಗೆ ಹೋದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಟ್ರೆಡ್‌ಮಿಲ್ ಮೇಲೆ ಒಬ್ಬರು ಓಡುತ್ತಿರುತ್ತಾರೆ, ಎಷ್ಟು ಆಮ್ಲಜನಕ ಬಳಸುತ್ತಾರೆ ಅಂತ ಅಳೆಯಲು ಮೂಗು ಬಾಯಿ ಮುಚ್ಚುವ ಮಾಸ್ಕ್ ಇರುತ್ತದೆ, ಕೆಲವು ನಿಮಿಷಕ್ಕೊಮ್ಮೆ ವೇಗ ಏರುತ್ತಾ ಹೋಗುತ್ತದೆ. ಸುಮ್ನೆ ಕೂತಿರುವಾಗ ನಮ್ಮ ದೇಹ ಒಂದು ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 3.5 ಮಿಲಿಲೀಟರ್ ಆಮ್ಲಜನಕ ಬಳಸುತ್ತದೆ. ದೂರದ ಓಟದಲ್ಲಿ ಪಳಗಿದವರು ಪೂರ್ತಿ ಶಕ್ತಿ ಹಾಕಿ ಓಡಿದಾಗ ಅದು 70 ದಾಟುವುದುಂಟು! ನಡುವೆ ಬೆರಳ ತುದಿ ಚುಚ್ಚಿ ರಕ್ತದಲ್ಲಿ ಲ್ಯಾಕ್ಟೇಟ್ (ಸ್ನಾಯುಗಳು ಸಕ್ಕರೆ ಒಡೆದು ಶಕ್ತಿ ಪಡೆಯುವಾಗ ಹುಟ್ಟುವ ವಸ್ತು, ಲ್ಯಾಕ್ಟಿಕ್ ಆಸಿಡ್‌ನದೇ ರೂಪ) ಎಷ್ಟಿದೆ ಅಂತ ನೋಡಬೇಕು. ಮೊದಲ ಹನಿಯನ್ನು ಒರೆಸಿಬಿಡಬೇಕು, ಯಾಕೆಂದರೆ ಬೆವರಿನಲ್ಲೂ ಲ್ಯಾಕ್ಟೇಟ್ ಇರುತ್ತದೆ, ಅದು ಬೆರೆತರೆ ಲೆಕ್ಕವೇ ತಪ್ಪುತ್ತದೆ. ಇಂಥ ಶಿಸ್ತು ಕೈಗೆ ಹತ್ತುವುದೇ ಈ ಓದಿನ ದೊಡ್ಡ ಲಾಭ ಅಂತ ನನಗನ್ನಿಸುತ್ತದೆ.

ಲ್ಯಾಕ್ಟೇಟ್ ಅಂದ ಮೇಲೆ ಇನ್ನೊಂದು ವಿಷಯ. ವ್ಯಾಯಾಮ ಮಾಡಿದ ಮರುದಿನ ಮೈಕೈ ನೋಯುವುದು ಲ್ಯಾಕ್ಟಿಕ್ ಆಸಿಡ್‌ನಿಂದ ಅಂತ ಇವತ್ತಿಗೂ ಎಷ್ಟೋ ಕೋಚ್‌ಗಳು ಹೇಳುತ್ತಾರೆ, ಅಲ್ವಾ? ಆದರೆ ವ್ಯಾಯಾಮ ನಿಲ್ಲಿಸಿ ಸುಮಾರು ಒಂದು ಗಂಟೆಯಲ್ಲಿ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಮೈಕೈ ನೋವು ಜಾಸ್ತಿ ಕಾಡುವುದು ಒಂದೆರಡು ದಿನ ಬಿಟ್ಟು. ಸಾಲದ್ದಕ್ಕೆ, ಈ ಲ್ಯಾಕ್ಟೇಟನ್ನು ಹೃದಯ ಮತ್ತು ಸ್ನಾಯುಗಳು ಇಂಧನವಾಗಿ ಉರಿಸುತ್ತವೆ. ಸ್ನಾಯುವಿನ ಕೆಲಸದ ಬಗ್ಗೆ ಎ. ವಿ. ಹಿಲ್ ಮತ್ತು ಒಟ್ಟೊ ಮೆಯರ್‌ಹಾಫ್ ಅವರಿಗೆ 1922ರ ನೊಬೆಲ್ ಬಂತು. ಅಲ್ಲಿಂದ ಇಲ್ಲಿಯವರೆಗೂ ನಂಬಿಕೆಗಳು ಬದಲಾಗುತ್ತಲೇ ಬಂದಿವೆ.

ಇನ್ನು ಇದು ಬರೀ ಆಟಗಾರರ ವಿಷಯವೂ ಅಲ್ಲ. 1953ರಲ್ಲಿ ಬ್ರಿಟನ್ನಿನ ವೈದ್ಯ ಸಂಶೋಧಕ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಸಿಬ್ಬಂದಿಯ ಬಗ್ಗೆ ಬರೆದರು. ಕೂತೇ ಇರುವ ಡ್ರೈವರ್‌ಗಳಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಲ್ಲಿ ಹೃದಯದ ಕಾಯಿಲೆ ಕಡಿಮೆ ಕಂಡಿತ್ತು. ಮೊದಲೇ ದಪ್ಪಗಿದ್ದವರು ಡ್ರೈವರ್ ಆದರೋ ಏನೋ ಅನ್ನುವ ಅನುಮಾನವೂ ಎದ್ದಿತು, ಅವರು ಸಮವಸ್ತ್ರದ ಅಳತೆಗಳನ್ನೂ ತೆಗೆದು ನೋಡಿದರು. ಹೀಗೆ ಪ್ರಶ್ನೆ ಕೇಳುವುದಕ್ಕೇ ಸಂಖ್ಯಾಶಾಸ್ತ್ರ ಬೇಕು. ಈ ಕೋರ್ಸಿನಲ್ಲಿ ತುಂಬ ಜನ ಹೆದರುವ ಪೇಪರ್ ಅದು, ದಯವಿಟ್ಟು ಅದನ್ನು ಕಡೆಗಣಿಸಬೇಡಿ. ಬಯೋಮೆಕಾನಿಕ್ಸ್ (ದೇಹದ ಚಲನೆ, ಅದರ ಹಿಂದಿನ ಬಲಗಳ ಅಧ್ಯಯನ), ಮನಃಶಾಸ್ತ್ರ, ಆಹಾರ ಇವೂ ಇರುತ್ತವೆ.

ಕೊನೆಗೆ ಕೆಲಸದ ಮಾತು. ಫಿಸಿಯೋಥೆರಪಿಸ್ಟ್ ಆಗಬೇಕು ಅಂತಿದ್ದರೆ ಅದಕ್ಕೆ ಬೇರೆಯದೇ ಓದು ಇದೆ, ಇದರಲ್ಲಿ ಸೇರಿ ಆಮೇಲೆ ಪೇಚಾಡಬೇಡಿ. ಸೇರುವ ಮುಂಚೆ ಕಾಲೇಜಿಗೇ ಹೋಗಿ ವಿಚಾರಿಸಿ: ವಾರಕ್ಕೆ ಎಷ್ಟು ಗಂಟೆ ಲ್ಯಾಬ್, ಉಪಕರಣ ನಿಮ್ಮ ಕೈಗೆ ಕೊಡುತ್ತಾರಾ ಅಥವಾ ದೂರದಿಂದ ತೋರಿಸುತ್ತಾರಾ, ಓದಿ ಮುಗಿಸಿದವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ. ಸಾಧ್ಯವಾದರೆ ಅಲ್ಲಿನ ವಿದ್ಯಾರ್ಥಿಗಳನ್ನೇ ಮಾತಾಡಿಸಿ.