ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ದಿನ: ಮೂರೇ ಮೂರು ಚಿತ್ರ

(ದೃಶ್ಯ: ಬೆಳಗಿನ ಕಾಲುವೆ, ಸೈಕಲ್‌ಗಳು)

ನಮಸ್ಕಾರ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಿಮಗೆ ಸಿಕ್ಕಿರುವುದು ಒಂದೇ ದಿನ ಅಂದುಕೊಳ್ಳಿ. ಎರಡು ದೊಡ್ಡ ಮ್ಯೂಸಿಯಂ ನೋಡಬೇಕು, ಊರೂ ಸುತ್ತಬೇಕು. ಆಗುತ್ತದೆ. ಆದರೆ ಗೋಡೆ ಮೇಲಿರುವ ಎಲ್ಲವನ್ನೂ ನೋಡಲು ಹೋಗಬೇಡಿ. ಮೂರು ಚಿತ್ರ ಆರಿಸಿಕೊಳ್ಳಿ, ಅವುಗಳ ಮುಂದೆ ಕಾಲು ನೋಯುವವರೆಗೆ ನಿಲ್ಲಿ.

ರೈಕ್ಸ್‌ಮ್ಯೂಸಿಯಂ ಬೆಳಿಗ್ಗೆ 9ಕ್ಕೆ ತೆರೆಯುತ್ತದೆ, ಆ ಹೊತ್ತಿಗೇ ಅಲ್ಲಿರಿ. 1885ರ ಕಟ್ಟಡ. ಅದರ ನಡುವೆಯೇ ಸೈಕಲ್ ದಾರಿ ಹಾದುಹೋಗುತ್ತದೆ, ಹುಷಾರಾಗಿ ದಾಟಿ. ಒಳಗೆ ಜನರೆಲ್ಲ ರೆಂಬ್ರಾಂಟ್ ಬರೆದ 'ನೈಟ್ ವಾಚ್' ಕಡೆ ಹೋಗುತ್ತಾರೆ, ನೀವೂ ಹೋಗಿ. ಊರಿನ ಕಾವಲು ಪಡೆಯವರೆಲ್ಲ ಇರುವ 1642ರ ಚಿತ್ರ, ಎತ್ತರವೇ ಸುಮಾರು ಹನ್ನೆರಡು ಅಡಿ. ಹೆಸರಿನಲ್ಲಿ ರಾತ್ರಿ ಇದ್ದರೂ ಚಿತ್ರದಲ್ಲಿರುವುದು ಹಗಲು. ಮೇಲಿನ ವಾರ್ನಿಷ್ ಕಪ್ಪಾಗಿ ಹೋಗಿದ್ದರಿಂದ ಆ ಹೆಸರು ಅಂಟಿಕೊಂಡಿತು. 1715ರಲ್ಲಿ ಇದನ್ನು ಟೌನ್ ಹಾಲ್‌ಗೆ ಸಾಗಿಸಿದಾಗ, ಅಲ್ಲಿನ ಗೋಡೆಗೆ ಹಿಡಿಸುವುದಿಲ್ಲ ಅಂತ ನಾಲ್ಕೂ ಕಡೆ ಕತ್ತರಿಸಿಬಿಟ್ಟರು! ಎಡಗಡೆ ಇದ್ದ ಕೆಲವರು ಹೋಗಿಯೇ ಬಿಟ್ಟರು. ನೆನೆದರೆ ಹೊಟ್ಟೆ ಉರಿಯುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಇಷ್ಟ ಅದೇ ಮ್ಯೂಸಿಯಂನಲ್ಲಿರುವ ಒಂದು ಪುಟ್ಟ ಚಿತ್ರ.

(ದೃಶ್ಯ: ಚಿತ್ರದ ಗೋಡೆಯ ಭಾಗ, ಹತ್ತಿರದಿಂದ)

ವರ್ಮೀರ್ ಸುಮಾರು 1660ರಲ್ಲಿ ಬರೆದದ್ದು, ಹಾಲು ಹುಯ್ಯುತ್ತಿರುವ ಕೆಲಸದ ಹೆಂಗಸು. ಎತ್ತರ ಒಂದೂವರೆ ಅಡಿ, ಅಷ್ಟೇ. ಮೊದಲು ಆ ಹಾಲು ನೋಡಿ, ದಾರದಷ್ಟು ಸಣ್ಣ ಎಳೆ. ಅವಳು ಕಣ್ಣು ಎತ್ತುವುದೇ ಇಲ್ಲ. ಆಮೇಲೆ ಅವಳ ಹಿಂದಿನ ಗೋಡೆ ನೋಡಿ, ಸುಮ್ನೆ ಖಾಲಿ ಗೋಡೆ ಅನಿಸುತ್ತದೆ ಅಲ್ವಾ? ಅಲ್ಲಿ ಒಂದು ಮೊಳೆ ಇದೆ, ಮೊಳೆಗೆ ಪುಟ್ಟ ನೆರಳಿದೆ, ಹಿಂದೆ ಯಾವಾಗಲೋ ಮೊಳೆ ಕಿತ್ತ ತೂತುಗಳೂ ಇವೆ. ಕಿಟಕಿಯ ಒಂದು ಗಾಜು ಒಡೆದಿದೆ. ಬಡ ಅಡುಗೆಮನೆ, ಆದರೆ ಅವಳ ನೀಲಿ ಬಟ್ಟೆಗೆ ಹಾಕಿದ್ದು ಲಾಪಿಸ್ ಲಾಜುಲಿ ಕಲ್ಲು ಅರೆದು ಮಾಡಿದ, ಆ ಕಾಲಕ್ಕೆ ತುಂಬಾ ದುಬಾರಿಯಾದ ಬಣ್ಣ. ಕೆಲಸದವಳಿಗೆ ಆ ಬಣ್ಣ ಕೊಡಬೇಕು ಅಂತ ಅವನಿಗೆ ಅನಿಸಿತಲ್ಲ, ಅದಕ್ಕೇ ನನಗೆ ವರ್ಮೀರ್ ಇಷ್ಟ.

ಮಧ್ಯಾಹ್ನ ಕಾಲುವೆ ಪಕ್ಕ ನಡೆಯಿರಿ. ತಲೆ ಎತ್ತಿ ನೋಡಿದರೆ ಹಳೇ ಮನೆಗಳ ತುದಿಯಲ್ಲಿ ತೊಲೆ, ಅದಕ್ಕೊಂದು ಕೊಕ್ಕೆ ಕಾಣುತ್ತದೆ. ಒಳಗಿನ ಮೆಟ್ಟಿಲು ತುಂಬಾ ಇಕ್ಕಟ್ಟು, ಹಾಗಾಗಿ ಸಾಮಾನನ್ನು ಹಗ್ಗ ಕಟ್ಟಿ ಕಿಟಕಿಯಿಂದ ಒಳಗೆ ತೆಗೆದುಕೊಳ್ಳುತ್ತಾರೆ.

ಸಂಜೆ ವ್ಯಾನ್ ಗೋ ಮ್ಯೂಸಿಯಂ. ಟಿಕೆಟ್ ಮತ್ತು ಸಮಯ ಎರಡನ್ನೂ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಂಡಿರಿ. ಅಲ್ಲಿ ನೀಲಿ ಆಕಾಶದ ಮೇಲೆ ಬಾದಾಮಿ ಮರದ ಬಿಳಿ ಹೂಗಳಿರುವ ಚಿತ್ರ ಹುಡುಕಿ. 1890ರ ಜನವರಿ ಕೊನೆಯಲ್ಲಿ ವ್ಯಾನ್ ಗೋನ ತಮ್ಮ ಥಿಯೋಗೆ ಗಂಡುಮಗು ಹುಟ್ಟಿತು, ಅಣ್ಣನ ಹೆಸರನ್ನೇ ಇಟ್ಟರು, ವಿನ್ಸೆಂಟ್ ಅಂತ. ಮಾನಸಿಕ ಆಸ್ಪತ್ರೆಯಲ್ಲಿದ್ದ ವ್ಯಾನ್ ಗೋ ಆ ಮಗುವಿಗೆಂದೇ ಈ ಚಿತ್ರ ಬರೆದ. ಜುಲೈನಲ್ಲಿ ತೀರಿಕೊಂಡ. ಆರು ತಿಂಗಳಲ್ಲಿ ಥಿಯೋ ಕೂಡ ಹೋದ. ಥಿಯೋನ ಹೆಂಡತಿ ಯೋ ಚಿತ್ರಗಳನ್ನು ಕಾಪಾಡಿಕೊಂಡು, ಪ್ರದರ್ಶನಗಳಿಗೆ ಕಳಿಸಿ, ಪತ್ರಗಳನ್ನು ಅಚ್ಚು ಹಾಕಿಸಿದಳು. ಅವಳ ನಂತರ ಎಲ್ಲವನ್ನೂ ಜೋಪಾನ ಮಾಡಿದ್ದು ಆ ಮಗುವೇ. 1973ರಲ್ಲಿ ಈ ಮ್ಯೂಸಿಯಂ ತೆರೆದಾಗ ಅವರಿಗೆ 83 ವರ್ಷ.