ಗಂಟಲಲ್ಲೇ ಇತ್ತು ರೋಗಾಣು

ನಮಸ್ಕಾರ ಕೇಳುಗರೇ. ಕಾಡುಪ್ರಾಣಿಗಳು ಗುಂಪುಗುಂಪಾಗಿ ಸತ್ತ ಸುದ್ದಿ ಬಂದ್ರೆ ಸಾಕು, ಎಲ್ರೂ ನನ್ನ ಕೇಳೋದು ಒಂದೇ, "ಯಾವ ಹೊಸ ವೈರಸ್ಸು ಡಾಕ್ಟ್ರೇ?" ಅಂತ. ಅಲ್ಲಾ ಸ್ವಾಮಿ, ಹೊಸದೇ ಆಗ್ಬೇಕಾ? ಎಷ್ಟೋ ಸಲ ರೋಗಾಣು ಮೊದಲಿಂದ್ಲೂ ಅಲ್ಲೇ ಇರುತ್ತೆ, ಬದಲಾಗಿದ್ದು ಹವಾಮಾನ. ಇವತ್ತು ಇದೊಂದು ಮಾತು ನಿಮ್ಮ ಕಿವೀಲಿ ಉಳಿದ್ರೆ ನನಗಷ್ಟೇ ಸಾಕು.

ಕಝಾಕಿಸ್ತಾನದ ಹುಲ್ಲುಗಾವಲಲ್ಲಿ ಸೈಗಾ ಅಂತ ಒಂದು ಪ್ರಾಣಿ ಇದೆ, ಜಿಂಕೆ ಥರದ್ದು, ಮೂಗು ಮಾತ್ರ ಊದ್ಕೊಂಡು ಬಾಯಿ ಮೇಲೆ ಜೋತಾಡ್ತಿರುತ್ತೆ, ನೋಡಿದ್ರೆ ನಗು ಬರುತ್ತೆ, ಆದ್ರೆ ಧೂಳು ಸೋಸಿ ಚಳಿಗಾಳೀನ ಬೆಚ್ಚಗೆ ಮಾಡಿ ಒಳಗೆ ಬಿಡೋದು ಆ ಮೂಗೇ. 2015ರ ಮೇ ತಿಂಗಳು, ಹೆಣ್ಣು ಸೈಗಾಗಳು ಮರಿ ಹಾಕೋಕೆ ಅಂತ ಸಾವಿರಗಟ್ಟಲೆ ಒಂದೇ ಕಡೆ ಸೇರಿದ್ವು. ಚೆನ್ನಾಗೇ ಮೇಯ್ತಿದ್ದ ತಾಯಿ ಇದ್ದಕ್ಕಿದ್ದಂಗೆ ಮಂಕಾಗಿ, ಉಸಿರಿಗೆ ಒದ್ದಾಡಿ, ಕೆಲವೇ ಗಂಟೇಲಿ ಸಾಯೋದು, ಮರಿ ಆ ಸತ್ತ ತಾಯಿ ಕೆಚ್ಚಲಿಗೆ ಬಾಯಿ ಹಾಕೋದು, ಆಮೇಲೆ ಅದೂ ಸಾಯೋದು. ಮೂರು ವಾರದಲ್ಲಿ 2 ಲಕ್ಷಕ್ಕಿಂತ ಜಾಸ್ತಿ ಹೋದ್ವು, ಪ್ರಪಂಚದಲ್ಲಿದ್ದ ಸೈಗಾಗಳಲ್ಲಿ ಅರ್ಧಕ್ಕಿಂತ ಹೆಚ್ಚು! ರಾಕೆಟ್ ಇಂಧನದ ವಿಷ ಅಂದ್ರು, ಇನ್ನೇನೋ ಅಂದ್ರು. ಕೊನೆಗೆ ಸಿಕ್ಕಿದ್ದು ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ. ದನ ಎಮ್ಮೆ ಸಾಕೋರಿಗೆ ಗಳಲೆ ರೋಗ ಗೊತ್ತಲ್ಲ, ಅದನ್ನ ತರೋದೂ ಇದೇ. ಇದು ಆರೋಗ್ಯವಾಗಿರೋ ಸೈಗಾ ಗಂಟಲಲ್ಲೂ ತೆಪ್ಪಗೆ ಬಿದ್ದಿರುತ್ತೆ ಕಣ್ರೀ, ಏನೂ ಮಾಡಲ್ಲ. ಹಾಗಾದ್ರೆ ಆ ಮೇನಲ್ಲೇ ಯಾಕೆ ರಕ್ತಕ್ಕೆ ನುಗ್ತು? ಸಾವು ಶುರುವಾಗೋಕೆ ಮುಂಚಿನ ಹತ್ತು ದಿನದ ಲೆಕ್ಕ ತೆಗೆದು ನೋಡಿದ್ರೆ ಆ ಕಾಲಕ್ಕೆ ಇರಬಾರದಷ್ಟು ಸೆಖೆ, ಗಾಳೀಲಿ ವಿಪರೀತ ತೇವ. 1981ರಲ್ಲಿ, 1988ರಲ್ಲಿ ಸತ್ತಾಗ್ಲೂ ಅದೇ ಕತೆ. ರೋಗಾಣು ಹಳೇದು, ಹವಾಮಾನ ಹೊಸದು.

ಟೈಮ್ ಆಯ್ತು ಅಂತ ಗಾಜಿನಾಚೆಯಿಂದ ಸನ್ನೆ ಮಾಡ್ತಿದಾರೆ, ಇಂಥದ್ದೇ ಇನ್ನೊಂದು, ಸಿಂಹದ ವಿಷಯ, ಓಡಿಸ್ಕೊಂಡೇ ಹೇಳ್ತೀನಿ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿ ಕಾಡಲ್ಲಿ ಮೂರರಲ್ಲಿ ಒಂದು ಸಿಂಹ ಸತ್ತೋಯ್ತು. ನಾಯಿಗಳಿಗೆ ಬರೋ ಡಿಸ್ಟೆಂಪರ್ ವೈರಸ್ಸು ಅಂದ್ರು, ಆದ್ರೆ ಅದು ಅದಕ್ಕೂ ಮುಂಚೆ ಬಂದು ಹೋಗಿತ್ತು, ಯಾರಿಗೂ ಗೊತ್ತೇ ಆಗಿರ್ಲಿಲ್ಲ. ಈ ಸಲ ಏನಾಯ್ತು ಅಂದ್ರೆ ಬರ ಬಂದು ಕಾಡೆಮ್ಮೆಗಳು ಬಡಕಲಾಗಿ ಮೈತುಂಬ ರಕ್ತ ಹೀರೋ ಉಣ್ಣಿ ಹುಳ ಹತ್ತಿತ್ತು, ಅವನ್ನ ತಿಂದ ಸಿಂಹಕ್ಕೆ ಉಣ್ಣಿಯಿಂದ ಬಬೇಸಿಯಾ ಅನ್ನೋ ರಕ್ತದ ಪರಾವಲಂಬೀನೂ ಬಂತು, ಎರಡೂ ಸೇರಿ ಕೆಡವಿಬಿಟ್ವು.

ಹಾಂ, ಸೈಗಾ ಪೂರ್ತಿ ಮುಗಿದೋಯ್ತು ಅಂದ್ಕೋಬೇಡಿ, ಅವಳಿ ಮರಿ ಹಾಕೋ ಜಾತಿ, ಈಗ ಮತ್ತೆ 10 ಲಕ್ಷ ದಾಟಿವೆ. ಗಂಟಲಲ್ಲಿ ಆ ಬ್ಯಾಕ್ಟೀರಿಯಾ ಈಗ್ಲೂ ಇದೆ. ನಮಸ್ಕಾರ.