ಎಪ್ಪತ್ತು ವರ್ಷಗಳ ವಾಗ್ದಾನ

ಸಭಾಪಾಲಕರೇ, ಸಭೆಯ ಹಿರಿಯರೇ, ಸಂಡೇ ಸ್ಕೂಲ್ ಶಿಕ್ಷಕರೇ, ಸ್ತ್ರೀಯರ ಕೂಟದ ಮತ್ತು ಯುವಜನ ಕೂಟದ ಬಂಧುಗಳೇ, ಕ್ರಿಸ್ತನ ಹೆಸರಿನಲ್ಲಿ ನಿಮ್ಮೆಲ್ಲರಿಗೂ ವಂದನೆ.

ಸತ್ಯವೇದವನ್ನು ಹೇಗೆ ಅಧ್ಯಯನ ಮಾಡಬೇಕು ಎಂಬುದರ ಬಗ್ಗೆ ಮಾತನಾಡಿ ಎಂದು ಕೇಳಿದ್ದೀರಿ. ವಾಗ್ದಾನದ ಚೀಟಿಯಿಂದಲೇ ಆರಂಭಿಸುತ್ತೇನೆ. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಒಂದೊಂದು ಬೈಬಲ್ ವಾಕ್ಯ ಬರೆದು ತಟ್ಟೆಯಲ್ಲಿಟ್ಟ ಚೀಟಿಗಳಲ್ಲಿ ಒಂದನ್ನು ಎತ್ತಿಕೊಂಡು ಮನೆಗೆ ಹೋಗುವುದು ನಮ್ಮ ಅನೇಕ ಸಭೆಗಳ ರೂಢಿ. ಯೆರೆಮೀಯ 29:11 ಸಿಕ್ಕವರ ಮುಖ ನೋಡಬೇಕು. ನಿಮ್ಮ ವಿಷಯದಲ್ಲಿ ನನ್ನ ಯೋಚನೆಗಳು ಕೇಡಿಗಲ್ಲ, ಹಿತಕ್ಕೇ ಎಂದು ದೇವರು ಹೇಳುವ ವಾಕ್ಯ ಅದು. ಪರೀಕ್ಷೆಗೆ ಕೂರುವ ಮಗಳ ಪುಸ್ತಕದೊಳಗೂ ಅದು ಇರುತ್ತದೆ, ಆಸ್ಪತ್ರೆಯ ಮಂಚದ ತಲೆದೆಸೆಯಲ್ಲೂ ಇರುತ್ತದೆ. ಚೀಟಿಯಲ್ಲಿ ಸಿಗದವರಿಗೆ ಸೂರ್ಯೋದಯದ ಚಿತ್ರದೊಂದಿಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದೇ ಬರುತ್ತದೆ.

ಈ ರೂಢಿಯನ್ನು ಗೇಲಿ ಮಾಡಲು ನಾನು ಬಂದಿಲ್ಲ. ಜರ್ಮನಿಯ ಹೆರ್ನ್‌ಹುಟ್ ಎಂಬ ಸಣ್ಣ ಊರಿನಲ್ಲಿ ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಸಭೆಯವರು 1728ರಿಂದ ದಿನಕ್ಕೊಂದು ವಾಕ್ಯ ಹಂಚಿಕೊಳ್ಳತೊಡಗಿದರು. 1731ರ ವರ್ಷಕ್ಕೆ ಅದು ಪುಸ್ತಕವಾಗಿ ಅಚ್ಚಾಯಿತು; ಇಂದಿಗೂ ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹೊರಬರುತ್ತಿದೆ. ಹಳೆಯ ಒಡಂಬಡಿಕೆಯ ವಾಕ್ಯವನ್ನು ಈಗಲೂ ಚೀಟಿ ಎತ್ತಿಯೇ ಆರಿಸುತ್ತಾರೆ. ಆದರೆ ಒಂದು ವಿಷಯ ಗಮನಿಸಿ: ಅದಕ್ಕೆ ಜೋಡಿಯಾಗುವ ಹೊಸ ಒಡಂಬಡಿಕೆಯ ವಾಕ್ಯವನ್ನು ಚೀಟಿಗೆ ಬಿಡುವುದಿಲ್ಲ, ಕೂತು ಯೋಚಿಸಿ ಆರಿಸುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ಆದಿಕಾಲದ ಸಭೆಯ ದೊಡ್ಡ ಬೋಧಕರಾದ ಅಗಸ್ಟೀನರು ಇದ್ದಾರೆ. 386ರಲ್ಲಿ ಮಿಲಾನ್ ನಗರದ ಒಂದು ತೋಟದಲ್ಲಿ ಅವರು ಪೌಲನ ಪತ್ರಗಳನ್ನು ತೆರೆದರು. ಕಣ್ಣಿಗೆ ಮೊದಲು ಬಿದ್ದ ವಾಕ್ಯವೇ ಅವರ ಬದುಕನ್ನು ತಿರುಗಿಸಿತು. ಅದೇ ಅಗಸ್ಟೀನರು ಮುಂದೆ ಬಿಷಪರಾದಾಗ, ಲೋಕವ್ಯವಹಾರದ ಪ್ರಶ್ನೆಗಳಿಗೆ ಸುವಾರ್ತೆಯ ಪುಟಗಳಲ್ಲಿ ಶಕುನ ನೋಡುವ ಅಭ್ಯಾಸ ತಮಗೆ ಇಷ್ಟವಿಲ್ಲ ಎಂದು ಬರೆದರು. 506ರಲ್ಲಿ ಫ್ರಾನ್ಸಿನ ಆಗ್ಡ್ ಎಂಬಲ್ಲಿ ಸೇರಿದ ಸಭಾಸಮಾಲೋಚನೆಯಂತೂ ಧರ್ಮಗ್ರಂಥದಿಂದ ಭವಿಷ್ಯ ನೋಡುವುದನ್ನು ನಿಷೇಧಿಸಿಯೇ ಬಿಟ್ಟಿತು. ಅಂದರೆ ಈ ತಂಟೆ ನಮ್ಮದೇ ಹೊಸದೇನಲ್ಲ.

ಈಗ ಯೆರೆಮೀಯನಿಗೆ ಬರೋಣ. 29ನೆಯ ಅಧ್ಯಾಯ ಒಂದು ಕಾಗದ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮನ್ನು ವಶಪಡಿಸಿಕೊಂಡು ಯುವ ಅರಸ ಯೆಕೊನ್ಯನನ್ನೂ ಅಧಿಕಾರಿಗಳನ್ನೂ ಬಡಗಿ ಕಮ್ಮಾರರನ್ನೂ ಸೆರೆ ಒಯ್ದಿದ್ದ. ಊರಿನಲ್ಲೇ ಉಳಿದ ಪ್ರವಾದಿ ಯೆರೆಮೀಯ ಆ ಸೆರೆಯಾದವರಿಗೆ ದೂತರ ಕೈಯಲ್ಲಿ ಕಾಗದ ಕಳುಹಿಸುತ್ತಾನೆ. ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎನ್ನುತ್ತಾನೆ. ಆಮೇಲೆ 10ನೆಯ ವಚನ: ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಹಿಂದಕ್ಕೆ ಕರೆತರುವೆನು. ನಮ್ಮ ಪ್ರೀತಿಯ 11ನೆಯ ವಚನ ಬರುವುದು ಇದರ ಬೆನ್ನಿಗೇ.

ಲೆಕ್ಕ ಹಾಕಿ ನೋಡಿ. ಕಾಗದ ಓದಿದಾಗ ನಲವತ್ತು ವರ್ಷದವನಾಗಿದ್ದವನು ಆ ಹಿತವನ್ನು ಕಣ್ಣಾರೆ ಕಾಣುವಂತಿರಲಿಲ್ಲ. ಅವನ ಪಾಲಿಗೆ ವಾಗ್ದಾನವೆಂದರೆ ಶತ್ರುವಿನ ಊರಿನಲ್ಲಿ ಗಿಡ ನೆಟ್ಟು, ಮೊಮ್ಮಕ್ಕಳಿಗೆ ಯೆರೂಸಲೇಮಿನ ಹೆಸರು ಕಲಿಸಿ, ಅಲ್ಲೇ ಮಣ್ಣಾಗುವುದು. ಈ ವಾಕ್ಯವನ್ನು ಸಿಇಟಿ ರ‍್ಯಾಂಕಿಗೆ ಕಟ್ಟಿಹಾಕುವಾಗ ನಾವು ಕಳೆದುಕೊಳ್ಳುವುದು ಎಷ್ಟು ದೊಡ್ಡದೆಂದು ಇಲ್ಲಿ ಗೊತ್ತಾಗುತ್ತದೆ.

ಅದಕ್ಕಿಂತ ಮುಂಚಿನ ಅಧ್ಯಾಯವನ್ನೂ ಓದಲೇಬೇಕು. ಅಲ್ಲಿ ಹನನ್ಯನೆಂಬ ಇನ್ನೊಬ್ಬ ಪ್ರವಾದಿ ಇದ್ದಾನೆ. ಎರಡೇ ವರ್ಷಗಳಲ್ಲಿ ಸೆರೆಯವರೆಲ್ಲ ತಿರುಗಿ ಬರುತ್ತಾರೆ ಎಂದು ಯೆಹೋವನ ಹೆಸರಿನಲ್ಲೇ ಸಾರುತ್ತಾನೆ; ಆಮೇಲೆ, ಬಾಬೆಲಿಗೆ ತಲೆಬಾಗಬೇಕೆಂಬುದರ ಗುರುತಾಗಿ ಯೆರೆಮೀಯನ ಕೊರಳಲ್ಲಿದ್ದ ಮರದ ನೊಗವನ್ನು ಎಲ್ಲರೆದುರಿಗೆ ಮುರಿಯುತ್ತಾನೆ. ಯೆರೆಮೀಯನ ಮೊದಲ ಉತ್ತರ ನನಗೆ ಬಹಳ ಇಷ್ಟ: ಆಮೆನ್, ಯೆಹೋವನು ಹಾಗೆಯೇ ಮಾಡಲಿ ಎನ್ನುತ್ತಾನೆ. ಅವನಿಗೂ ಅದೇ ಬೇಕಿತ್ತಲ್ಲವೇ? ಆದರೆ ಬೇಕು ಎಂದ ಮಾತ್ರಕ್ಕೆ ಅದು ದೇವರ ಮಾತಾಗಲಿಲ್ಲ. ಹನನ್ಯ ಅದೇ ವರ್ಷ ಸತ್ತ. ಹತ್ತು ವರ್ಷಗಳೊಳಗೆ ಯೆರೂಸಲೇಮ್ ಪಟ್ಟಣವೇ ಸುಟ್ಟುಹೋಯಿತು. ನಮ್ಮ ವೇದಿಕೆಗಳಲ್ಲಿ ಇಂದು ಯಾರ ಪ್ರಸಂಗಕ್ಕೆ ಹೆಚ್ಚು ಜನ ಸೇರುತ್ತಾರೆ ಎಂದು ನಾನು ಕೇಳುವುದಿಲ್ಲ. ನಿಮಗೆ ಗೊತ್ತಿದೆ.

ಕಾಗದ ತಲುಪಿದವರು ಅದರಂತೆ ನಡೆದರೇ? ಇರಾಕಿನ ಮಣ್ಣಿನಿಂದ ಬಂದ, ಬೆಣೆಯಾಕಾರದ ಹಳೆಯ ಲಿಪಿಯಲ್ಲಿ ಬರೆದ ಜೇಡಿಮಣ್ಣಿನ ಹಲಗೆಗಳು ಸ್ವಲ್ಪ ಬೆಳಕು ಕೊಡುತ್ತವೆ. ಬಾಬೆಲಿನ ಅರಮನೆಯ ಪಡಿತರ ಪಟ್ಟಿಗಳಲ್ಲಿ ಯೆಹೂದದ ಅರಸ ಯೆಕೊನ್ಯನಿಗೆ ಎಣ್ಣೆ ಅಳೆದು ಕೊಟ್ಟ ಲೆಕ್ಕವಿದೆ. ಇನ್ನೊಂದು ಕಟ್ಟಿನ ಹಲಗೆಗಳು ‘ಆಲ್-ಯಾಹೂದು’, ಅಂದರೆ ಯೆಹೂದ್ಯರ ಊರು ಎಂಬ ಹಳ್ಳಿಯನ್ನು ಹೆಸರಿಸುತ್ತವೆ. ಅವುಗಳ ಕಾಲ ಕ್ರಿ.ಪೂ. 572ರಿಂದ 477. ಯೆಹೋವನ ಹೆಸರನ್ನು ತಮ್ಮ ಹೆಸರಿನಲ್ಲಿ ಹೊತ್ತ ಜನ ಅಲ್ಲಿ ಹೊಲ ಉಳುತ್ತಾರೆ, ಸಾಲ ಮಾಡುತ್ತಾರೆ, ತೆರಿಗೆ ಕಟ್ಟುತ್ತಾರೆ. ಇಷ್ಟೇ. ಪವಾಡವೇನೂ ಇಲ್ಲ. ಮುಂಬೈಗೋ ದುಬೈಗೋ ದುಡಿಯಲು ಹೋಗಿ ಅಲ್ಲಿಯೇ ಕನ್ನಡ ಆರಾಧನೆ ಕಟ್ಟಿಕೊಂಡ ನಮ್ಮವರಿಗೆ ಈ ಹಲಗೆಗಳ ಬದುಕು ಬೇಗ ಅರ್ಥವಾಗುತ್ತದೆ ಎಂದು ನನಗನ್ನಿಸುತ್ತದೆ, ಅವರನ್ನು ಯಾರೂ ಸೆರೆ ಒಯ್ಯದಿದ್ದರೂ.

ವಚನಗಳಿಗೆ ಸಂಖ್ಯೆ ಹಾಕಿದ್ದು ತೀರಾ ಈಚಿನ ಮಾತು. ಈಗಿನ ವಚನ ಸಂಖ್ಯೆಗಳೊಂದಿಗೆ ಹೊಸ ಒಡಂಬಡಿಕೆಯನ್ನು ಮೊದಲು ಅಚ್ಚು ಹಾಕಿದವನು ರೊಬೇರ್ ಎಸ್ತಿಯೆನ್ ಎಂಬ ಮುದ್ರಕ, 1551ರಲ್ಲಿ. ತಾನು ಫಿಲಿಪ್ಪಿ 4:13 ಬರೆಯುತ್ತಿದ್ದೇನೆ ಎಂದು ಪೌಲನಿಗೆ ಗೊತ್ತಿರಲಿಲ್ಲ. ಎಲ್ಲವನ್ನೂ ಮಾಡಬಲ್ಲೆ ಎನ್ನುವ ಆ ಮಾತು ಹಸಿವನ್ನೂ ಕೊರತೆಯನ್ನೂ ತಾಳಿಕೊಳ್ಳುವ ಬಗ್ಗೆ; ಹೇಳುತ್ತಿರುವವನು ಬೇಡಿಯಲ್ಲಿದ್ದಾನೆ. ಸಂಖ್ಯೆ ಹುಡುಕಲು ಅನುಕೂಲ, ನಿಜ. ಕತ್ತರಿಸಲೂ ಅಷ್ಟೇ ಅನುಕೂಲ. ಅರಣ್ಯದಲ್ಲಿ ಸೈತಾನನು ಯೇಸುವಿನ ಮುಂದಿಟ್ಟದ್ದೂ 91ನೆಯ ಕೀರ್ತನೆಯಿಂದ ಕತ್ತರಿಸಿದ ಒಂದು ವಾಗ್ದಾನವೇ ಎಂಬುದನ್ನು ನಾವು ಸಲೀಸಾಗಿ ಮರೆಯುತ್ತೇವೆ.

ಸಭೆಯ ಜೀವನಕ್ಕೆ ನೇರವಾಗಿ ತಾಗುವ ಇನ್ನೊಂದು ಉದಾಹರಣೆ ಮತ್ತಾಯ 18:20. ಬುಧವಾರದ ಪ್ರಾರ್ಥನೆಗೆ ಐದು ಜನ ಬಂದಾಗ ನಾವು ಹೇಳಿಕೊಳ್ಳುವ ಸಮಾಧಾನ ಅದು: ಇಬ್ಬರು ಮೂವರು ಸೇರಿದಲ್ಲಿ ಕರ್ತನಿದ್ದಾನೆ. ಸುಳ್ಳೇನಲ್ಲ. ಆದರೆ 15ನೆಯ ವಚನದಿಂದ ಓದಿಕೊಂಡು ಬನ್ನಿ. ಸಹೋದರನು ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನೊಂದಿಗೆ ಮಾತಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಆ ಇಬ್ಬರು ಮೂವರು ಹಾಜರಿ ಕಡಿಮೆಯಾದ ಕೂಟದವರಲ್ಲ, ಜಗಳ ಬಿಡಿಸಲು ಕೂತವರು. ನಾವು ಈ ಮೆಟ್ಟಿಲುಗಳನ್ನು ತಲೆಕೆಳಗಾಗಿ ಹತ್ತುತ್ತೇವೆ. ಮೊದಲು ಇಡೀ ಊರಿಗೆ ಹೇಳುತ್ತೇವೆ, ಆಮೇಲೆ ವಕೀಲರಿಗೆ, ಕಡೆಗೆ ತಪ್ಪು ಮಾಡಿದವನಿಗೆ. ಸಮಿತಿಯ ಚುನಾವಣೆ, ಆಸ್ತಿ, ಸ್ಮಶಾನದ ಜಾಗ ಎಂದು ಸಭೆಯ ಸಂಗತಿಗಳು ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಕೊಳೆಯುವುದನ್ನು ನೋಡಿದವರು ಈ ಕೋಣೆಯಲ್ಲೂ ಇದ್ದೀರಿ. ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ: ಮಗುವಿನ ಮೇಲೆ, ಹೆಂಗಸಿನ ಮೇಲೆ ದೌರ್ಜನ್ಯ ನಡೆದಾಗ ಈ ಭಾಗವನ್ನು ತೋರಿಸಿ, ನಮ್ಮೊಳಗೇ ಮುಗಿಸೋಣ ಎನ್ನಬೇಡಿ. ಅದೇ ಅಧ್ಯಾಯದ 6ನೆಯ ವಚನದಲ್ಲಿ, ಚಿಕ್ಕವರಿಗೆ ಅಡ್ಡಿಯಾದವನ ಕೊರಳಿಗೆ ಬೀಸುವ ಕಲ್ಲು ಕಟ್ಟುವ ಮಾತಿದೆ. ಪೊಲೀಸ್ ಠಾಣೆಗೆ ಹೋಗಬೇಕಾದ್ದು ಠಾಣೆಗೇ ಹೋಗಬೇಕು.

ಹಾಗಾದರೆ ಏನು ಮಾಡೋಣ? ಚೀಟಿ ನಿಲ್ಲಿಸಬೇಡಿ. ಅದರ ಹಿಂಬದಿಯಲ್ಲಿ ಆ ಅಧ್ಯಾಯ ಯಾರು ಯಾರಿಗೆ ಹೇಳಿದ ಮಾತೆಂದು ಒಂದು ಸಾಲು ಬರೆಯಿಸಿ. ಜನವರಿ ತಿಂಗಳಿಡೀ ತಮಗೆ ಸಿಕ್ಕ ವಾಕ್ಯದ ಅಧ್ಯಾಯವನ್ನು ಮನೆಯವರೆಲ್ಲ ಕೂತು ಗಟ್ಟಿಯಾಗಿ ಓದಲಿ. ವ್ಯಾಖ್ಯಾನ ಪುಸ್ತಕ ಆಮೇಲೆ ತೆರೆದರಾಯಿತು. ಬೈಬಲ್ ಅಧ್ಯಯನ ನಡೆಸುವವರು ಉತ್ತರ ಸಿದ್ಧಮಾಡಿಕೊಂಡು ಬರುವುದನ್ನು ಸ್ವಲ್ಪ ಕಡಿಮೆ ಮಾಡಿ. ಓದು ಬಾರದ ಅಜ್ಜಿಯಂದಿರು ಕೇಳಿಸಿಕೊಂಡೇ ಒಳ್ಳೆಯ ಪ್ರಶ್ನೆ ಕೇಳುತ್ತಾರೆ. ಅವರ ಪಕ್ಕದಲ್ಲಿ ಯುವಕರನ್ನು ಕೂರಿಸಿ.

ಮುಂದಿನ ಬುಧವಾರ ಯೆರೆಮೀಯ 27, 28, 29, ಮೂರನ್ನೂ ಒಂದೇ ಬಾರಿಗೆ ಓದೋಣ. ಇಪ್ಪತ್ತು ನಿಮಿಷ ಸಾಕು. ಯೆರೆಮೀಯ ಮತ್ತು ಹನನ್ಯ ಇಬ್ಬರ ಮಾತನ್ನೂ ಬೇರೆ ಬೇರೆಯವರು ಓದಲಿ. ಓದಿದ ಮೇಲೆ ನಾನು ಕೇಳುವ ಮೊದಲ ಪ್ರಶ್ನೆಯನ್ನು ಈಗಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಯೋಚಿಸಿಕೊಂಡು ಬನ್ನಿ: ಆ ದಿನ ದೇವಾಲಯದ ಅಂಗಳದಲ್ಲಿ ನಿಂತು ಇಬ್ಬರನ್ನೂ ಕೇಳಿದ್ದರೆ, ನೀವು ಯಾರ ಮಾತಿಗೆ ಆಮೆನ್ ಎನ್ನುತ್ತಿದ್ದಿರಿ, ಮತ್ತು ಯಾಕೆ?